ಎತ್ತಿ ಇಳಿಸಿದ ಬಾವುಟ

ಬಾಗಿಲಿಗೆ ಮೊದಲ ಕಲ್ಲು ಬಿದ್ದಾಗ ನಾನು ಬೆಂಚಿನ ಕೆಳಗೆ ಬಾವುಟ ತಳ್ಳುತ್ತಿದ್ದೆ. ಐವತ್ತು ದಾಟಿದ ಗಂಡಸು, ಊರಿಗೆಲ್ಲ ಕನ್ನಡಕ ಮಾರುವವನು, ಹಾಲು ಕದ್ದ ಬೆಕ್ಕಿನ ಹಾಗೆ! ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಹೆದರಿಕೆ ದೊಡ್ಡದಿತ್ತು.

ನಮ್ಮ ಕೆಳಗಿನ ಲೀಗಿನ ಫುಟ್‌ಬಾಲಿಗೆ ಹೊರಗಿನಿಂದ ಬರುವುದು ರೆಫರಿ ಒಬ್ಬರೇ. ಗೆರೆಯ ಪಕ್ಕ ಬಾವುಟ ಹಿಡಿಯಲು ಎರಡೂ ತಂಡಗಳು ತಮ್ಮವನೊಬ್ಬನನ್ನು ಕೊಡಬೇಕು. ನಮ್ಮ ಕ್ಲಬ್ಬಿನಿಂದ ನಾನು. ಸ್ವಂತ ತಂಡದ ವಿರುದ್ಧ ಬಾವುಟ ಎತ್ತಬಾರದು ಅಂತ ಯಾವ ನಿಯಮದಲ್ಲೂ ಬರೆದಿಲ್ಲ. ಆದರೆ ಈ ಆರು ವರ್ಷದಲ್ಲಿ ಯಾರೂ ಎತ್ತಿದ್ದನ್ನು ನಾನು ಕಂಡಿಲ್ಲ.

ಇವತ್ತು ನಾನೇ ಎತ್ತಿದೆ. ಕೊನೆಯ ನಿಮಿಷ, ಗೆಲ್ಲದಿದ್ದರೆ ಕ್ಲಬ್ಬು ಲೀಗಿನಿಂದಲೇ ಹೊರಗೆ. ಗೋಲು ಹೊಡೆದವನು ನನ್ನ ಮಗ. ಚೆಂಡು ಅವನ ಕಡೆಗೆ ಹೊರಟಾಗ ಎದುರಾಳಿಯ ಕೊನೆಯ ಡಿಫೆಂಡರಿಗಿಂತ ಅವನು ಒಂದು ಹೆಜ್ಜೆ ಮುಂದಿದ್ದ. ಶುದ್ಧ ಆಫ್‌ಸೈಡ್. ಕೈ ತನ್ನಷ್ಟಕ್ಕೆ ಮೇಲೆ ಹೋಯಿತು. ಮುಂದಿದ್ದ ಕಾಲು ಯಾರದೆಂದು ಹೊಳೆದ ಕೂಡಲೇ ಇಳಿಸಿಬಿಟ್ಟೆ. ಜನರ ಕಣ್ಣೆಲ್ಲ ಚೆಂಡಿನ ಮೇಲಿತ್ತು. ರೆಫರಿ ಮಾತ್ರ ನನ್ನನ್ನು ನೋಡಿ ಸೀಟಿ ಊದಿದರು. ಗೋಲು ರದ್ದಾಯಿತು.

ಈಗ ಸಾಮಾನಿನ ಕೋಣೆಯಲ್ಲಿ ನಾನು, ರೆಫರಿ ಇಬ್ಬರೇ. ಎದುರಾಳಿ ತಂಡದ ಬಾವುಟದವನು ತನ್ನವರ ಜೊತೆ ಬಸ್ಸು ಹತ್ತಿ ಬಚಾವಾಗಿದ್ದ. ರೆಫರಿ ಎಲ್ಲೋ ಗಣಿತ ಕಲಿಸುವ ಟೀಚರ್, ನನಗೆ ಮಗಳಿದ್ದರೆ ಅಷ್ಟೇ ವಯಸ್ಸು. ಶೂ ಲೇಸನ್ನು ಮೂರು ಸಲ ಕಟ್ಟಿದರು. ಮೂರು ಸಲವೂ ಬಿಚ್ಚಿಹೋಯಿತು.

ಹೊರಗೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ನನ್ನ ಮಗನೇ. "ಆ ರೆಫರಿನ ಹೊರಗೆ ಕಳ್ಸಿ! ಕಣ್ಣಿಲ್ವಾ ಅವ್ಳಿಗೆ?"

ಕ್ಲಬ್ಬಿನ ಕಾರ್ಯದರ್ಶಿ ಒಳಗೆ ನುಗ್ಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಮೇಡಂ, ನೀವು ಅಷ್ಟು ಹಿಂದಿದ್ರಿ. ಆಫ್‌ಸೈಡ್ ಅಂತ ಹೇಳಿದ್ಯಾರು?"

ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು. ಈಕೆ ಇವತ್ತೇ ಊರು ಬಿಟ್ಟು ಹೋಗುವವರು. ನನ್ನ ಅಂಗಡಿ ನೆಲದಿಂದ ಸೂರಿನವರೆಗೆ ಗಾಜು. ಮನೆ ಈ ಮೈದಾನದ ಹಿಂದಿನ ಬೀದಿಯಲ್ಲೇ. ಹೇಳಿಬಿಟ್ಟರೆ ನನ್ನ ಗತಿ?

ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಾನೇ ನೋಡ್ದೆ," ಎಂದರು.

"ನೀನೇನಂತೀಯಪ್ಪ, ಕನ್ನಡಕ?" ಕಾರ್ಯದರ್ಶಿ ನನ್ನತ್ತ ತಿರುಗಿದ. "ಗೆರೆ ಮೇಲೇ ನಿಂತಿದ್ಯಲ್ಲ."

"ನಂಗೇನೂ ಕಾಣ್ಲಿಲ್ಲ," ಎಂದೆ.

ಸ್ವಲ್ಪ ಹೊತ್ತಿಗೆ ರೆಫರಿ ಬ್ಯಾಗನ್ನು ತಲೆಗೆ ಅಡ್ಡ ಹಿಡಿದು ಕಾರಿನ ಕಡೆ ಓಡಿದರು. ಬಾಗಿಲು ತೆಗೆಯಲು ಬ್ಯಾಗು ಇಳಿಸಿದಾಗ ಕಲ್ಲೊಂದು ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ಕಿಟಕಿಯ ಸಂದಿಯಿಂದ ನನಗೆ ಅದೆಲ್ಲ ಚೆನ್ನಾಗಿಯೇ ಕಂಡಿತು.

ಮನೆಗೆ ಬಂದರೆ ಮಗ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ. ಮುಟ್ಟಿರಲಿಲ್ಲ. ನನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಂಡೆ. "ಒಬ್ಬ ಹೆಣ್ಮಗಳಿಗೆ ಹಾಗೆ ಕೂಗ್ತಾರೇನೋ?"

"ನೀನು ಬಾವುಟ ಎತ್ತಿದ್ದು ನೋಡ್ದೆ, ಅಪ್ಪ." ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. "ಚೆಂಡು ಹೊಡಿಯೋಕೆ ಮುಂಚೇನೇ."

"ಮತ್ತೆ ಯಾಕೋ ಕೂಗ್ದೆ?"

"ಬೇರೆ ಯಾರಾದ್ರೂ ನೋಡಿದ್ರೆ ಅಂತ ಹೆದರಿಕೆ ಆಯ್ತು. ಎಲ್ರೂ ಅವ್ರನ್ನೇ ನೋಡ್ತಿರ್ಲಿ, ನಿನ್ ಕಡೆ ತಿರುಗ್ಬಾರ್ದು ಅಂತ." ಅವನು ತಟ್ಟೆ ದೂರ ಸರಿಸಿದ. "ಅವ್ರ ಹುಬ್ಬಿಗೆ ಬಿತ್ತಲ್ಲ, ಆ ಕಲ್ಲು ನಂದು."

ಅವನ ತಲೆಯ ಮೇಲೆ ಕೈಯಿಡಬೇಕಿತ್ತು. ಅದಕ್ಕೂ ಮೊದಲು ನಾನು ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದೆ.