ಬೆಸವೋ ಸಮವೋ

ಕುಣಿಗಲ್ ಬಸ್ಸು ಹೆಬ್ಬೂರು ದಾಟಿದ ಮೇಲೆ ಗಂಟೆ ನೋಡೋಣವೆಂದು ಸಂಧ್ಯಾ ಬ್ಯಾಗಿನಿಂದ ಫೋನ್ ತೆಗೆದಳು. ಪರದೆ ಆಗಲೇ ಬೆಳಗುತ್ತಿತ್ತು. ಕರೆಗಳ ಪಟ್ಟಿ ತೆರೆದುಕೊಂಡಿತ್ತು. ಎಲ್ಲಕ್ಕಿಂತ ಮೇಲೆ, ಈಗಷ್ಟೇ ಹೋದ ಕರೆ: ಮೋಟರ್.

ಅವಳು ಮೋಟರಿಗೆ ಕರೆ ಮಾಡಿರಲಿಲ್ಲ.

ಗುಬ್ಬಿ ಹತ್ತಿರದ ಅವರ ತೆಂಗಿನ ತೋಟದಲ್ಲಿ ಬೋರ್‌ವೆಲ್ಲಿನ ಸ್ಟಾರ್ಟರಿಗೆ ಒಂದು ಸಿಮ್ ಹಾಕಿಸಿದ್ದರು. ಗಂಡ ಮೋಹನ್‌ಕುಮಾರ್ ತುಮಕೂರು ಪಕ್ಕದ ಸತ್ಯಮಂಗಲದ ಕಾರ್ಖಾನೆಯಲ್ಲಿ ಮೆಷಿನ್ ಪಕ್ಕಕ್ಕೆ ಫೋನ್ ಒಯ್ಯುವಂತಿರಲಿಲ್ಲ. ಹಾಗಾಗಿ ಸ್ಟಾರ್ಟರ್ ಮಾತು ಕೇಳುವುದು ಸಂಧ್ಯಾಳ ನಂಬರಿಗೆ ಮಾತ್ರ. ತುಮಕೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮುಗಿಸಿ, ಸ್ಟಾಫ್ ರೂಮಿನಿಂದಲೇ ಅವಳು ತೋಟಕ್ಕೆ ನೀರು ಬಿಡುತ್ತಿದ್ದಳು. ಒಂದು ರಿಂಗ್ ಆದರೆ ಮೋಟರ್ ಶುರು. ಮತ್ತೊಂದು ರಿಂಗ್ ಆದರೆ ಬಂದ್.

ಇವತ್ತು ಅವನು ರಜ ಹಾಕಿ ತೋಟಕ್ಕೆ ಹೋಗಿದ್ದ. ಬೋರಿಗೆ ಹೋಗುವ ಕೇಬಲ್ಲನ್ನು ಇಲಿ ಕಡಿದಿತ್ತು. ಮೋಟರ್ ಕೆಲಸದ ಆಂಜನಪ್ಪ ಅದನ್ನು ಜಾಯಿಂಟ್ ಮಾಡಬೇಕಿತ್ತು. ಇಂಥ ಕೆಲಸಕ್ಕೆ ಅವರು ಫ್ಯೂಸ್ ಕೀಳುತ್ತಿರಲಿಲ್ಲ. ಕಿತ್ತರೆ ಆ ಸಿಮ್ಮಿಗೆ ಮತ್ತೆ ನೆಟ್‌ವರ್ಕ್ ಸಿಗಲು ಅರ್ಧ ದಿನ ಹಿಡಿಯುತ್ತಿತ್ತು. "ನಾನು ಹೇಳೋತನಕ ಮೋಟರ್ ತಂಟೆಗೆ ಬರ್ಬೇಡ, ಅಷ್ಟೇ ಸಾಕು," ಎಂದು ಮೋಹನ್ ಬೆಳಿಗ್ಗೆ ಹೇಳಿದ್ದ. ಅವಳು ಕರೆ ಮಾಡದಿರುವುದೇ ಅವರ ಫ್ಯೂಸು.

ಹಳೆಯ ಫೋನಾಗಿದ್ದರೆ ಬ್ಯಾಗಿನ ಕತ್ತಲೆ ಕಂಡೊಡನೆ ಪರದೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕರೆ ಹೋಗುವ ಮುಂಚೆ "ಮಾಡಲೇ?" ಎಂದು ಕೇಳುತ್ತಿತ್ತು. ಹೋದ ವಾರ ಕಂಪನಿ ಬದಲಿಸಿ ಈ ಹೊಸದನ್ನು ಕೊಂಡಿದ್ದಳು. ಕ್ಯಾಮೆರಾ ಚೆನ್ನಾಗಿತ್ತು. ಕೇಳುವ ಅಭ್ಯಾಸ ಇದಕ್ಕಿರಲಿಲ್ಲ.

ಈಗ ಇನ್ನೊಂದು ಕರೆ ಮಾಡಿದರೆ ಮೋಟರ್ ನಿಲ್ಲುತ್ತದೆ. ಬೆರಳು ಪರದೆಯ ಹತ್ತಿರ ಹೋಗಿ ನಿಂತಿತು. ಬ್ಯಾಗಿನೊಳಗಿಂದ ಹೋದದ್ದು ಒಂದೇ ಕರೆಯೇ? ಎರಡು ಹೋಗಿದ್ದರೆ ಮೋಟರ್ ಶುರುವಾಗಿ ನಿಂತಿರುತ್ತದೆ. ಇವಳ ಕರೆ ಮತ್ತೆ ಶುರು ಮಾಡುತ್ತದೆ. ಹಳೆಯ ಫೋನು ಪ್ರತಿ ಕರೆಯನ್ನೂ ಬೇರೆ ಬೇರೆಯಾಗಿ ತೋರಿಸುತ್ತಿತ್ತು. ಇದು ಒಂದೇ ನಂಬರಿನ ಕರೆಗಳನ್ನೆಲ್ಲ ಒಂದೇ ಸಾಲಿಗೆ ತುರುಕುತ್ತಿತ್ತು. ಸಾಲು ಬಿಡಿಸಿ ನೋಡೋಣವೆಂದರೆ, ಮುಟ್ಟಿದರೆ ಕರೆಯೇ ಹೋಗಿಬಿಡುತ್ತದೆ. ಬೆಸವೋ ಸಮವೋ, ತಿಳಿಯುವ ದಾರಿ ಇರಲಿಲ್ಲ.

ಆ ಸಾಲಿಗೆ ಬೆರಳು ತಾಗದಂತೆ ಗಂಡನ ನಂಬರ್ ಒತ್ತಿದಳು. ರಿಂಗಾಯಿತು. ಮತ್ತೆ ಒತ್ತಿದಳು. ಎತ್ತಿದ್ದು ಊರ ಮನೆಯಲ್ಲಿದ್ದ ಅತ್ತೆ ಲಕ್ಷ್ಮೀದೇವಮ್ಮ.

"ಅವ್ನು ಫೋನ್ ಚಾರ್ಜ್‌ಗೆ ಹಾಕಿ ಇಲ್ಲೇ ಬುಟ್ಟೋಗವ್ನೆ ಕಣಮ್ಮ. ಏನ್ ಸಮಾಚಾರ?"

"ಅತ್ತೆ, ಆಂಜನಪ್ಪನ ನಂಬರ್ ಇದ್ಯಾ?"

"ನಂಗೆಲ್ಲಿ ಬರ್ತದೆ ಅವೆಲ್ಲ. ಯಾಕೆ, ದನಿ ಹಿಂಗಾಗದೆ?"

ಮಂಡಿ ನೋವಿನ ಅತ್ತೆ ತೋಟ ಮುಟ್ಟುವ ಹೊತ್ತಿಗೆ ಏನು ಬೇಕಾದರೂ ಆಗಬಹುದಿತ್ತು. ಸಂಧ್ಯಾ ಲೈನ್‌ಮನ್ ಚನ್ನವೀರಯ್ಯನಿಗೆ ಕರೆ ಮಾಡಿದಳು. ಆ ಕಡೆ ತೋಟ ಇರುವವರೆಲ್ಲರ ಫೋನಿನಲ್ಲೂ ಅವನ ನಂಬರ್ ಇತ್ತು.

"ಚನ್ನವೀರಯ್ಯ, ನಮ್ ತೋಟದ ಲೈನ್ ತೆಗೀರಿ. ಈಗ್ಲೇ."

"ಏನ್ ಮೇಡಮ್, ಎಲ್ರೂ ಕರೆಂಟ್ ಕೊಡಿ ಅಂತ ಪ್ರಾಣ ತಿಂತಾರೆ, ನೀವು ತೆಗೀರಿ ಅಂತೀರಲ್ಲ!"

"ಕೇಬಲ್ ಮುಟ್ಕೊಂಡು ಕೂತಿದಾರೆ. ನನ್ ಫೋನಿಂದ ಮೋಟರ್ ಆನ್ ಆಗಿರ್ಬೋದು."

ಅವನ ನಗು ನಿಂತಿತು. "ಸಬ್‌ಸ್ಟೇಷನ್ನಲ್ಲೇ ಇದೀನಿ. ತಡೀರಿ." ಯಾರಿಗೋ ಏನೋ ಕೂಗಿದ. ಆಮೇಲೆ, "ತೆಗ್ದಾಯ್ತು. ಜಾಸ್ತಿ ಹೊತ್ತು ಆಗಲ್ಲ ಮೇಡಮ್, ಸ್ವಲ್ಪ ಹೊತ್ತಿಗೆ ಕೊಟ್ಬಿಡ್ತೀನಿ."

ಸಂಧ್ಯಾ ಸೀಟಿನ ಸರಳು ಹಿಡಿದು ಕುಳಿತಳು. ಪಕ್ಕದ ಹೆಂಗಸು "ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದಳು. ಲೈನ್ ತೆಗೆದದ್ದು ಮುಂದಿನದಕ್ಕೆ. ಆಗಲೇ ಆಗಿಹೋಗಿದ್ದರೆ?

ಫೋನ್ ಬಡಿದುಕೊಂಡಿತು. ಮೋಹನ್.

"ಏನೇ, ಎರಡೆರಡ್ ಸಲ ಫೋನ್ ಮಾಡಿದೀಯಂತೆ? ಕರೆಂಟ್ ಹೋಯ್ತು, ಮಜ್ಜಿಗೆ ಕುಡ್ಯೋಣ ಅಂತ ಮನೆಗೆ ಬಂದೆ."

"ಆಂಜನಪ್ಪ?"

"ಅವ್ನಿಗೇನಾಗುತ್ತೆ, ಗುಂಡ್‌ಕಲ್ ಹಂಗವ್ನೆ. ಟೇಪ್ ತರೋಕೆ ಗಾಡಿ ಹತ್ರ ಹೋಗಿದ್ದ, ಅಷ್ಟ್ರಲ್ಲಿ ಸ್ಟಾರ್ಟರ್ ಟಕ್ ಅಂತು. ಇನ್ನೊಂದ್ಸಲ ಟಕ್ ಅಂತು. ವೋಲ್ಟೇಜ್ ಏರುಪೇರು ಅಂದ್ಕೊಂಡ್ವಿ."

ಎರಡು. ಅವಳು ನಿಲ್ಲಿಸಲೆಂದು ಕರೆ ಮಾಡಿದ್ದರೆ ಅದು ಮೂರನೆಯದಾಗುತ್ತಿತ್ತು. ಅಷ್ಟರಲ್ಲಿ ಆಂಜನಪ್ಪ ಟೇಪ್ ತಂದು ಕೇಬಲ್ ಹಿಡಿದಿರುತ್ತಿದ್ದ.

"ಅದು ನಾನು ರೀ. ಬ್ಯಾಗಲ್ಲಿ ತಾನಾಗೇ ಹೋಗಿದೆ."

"ವೋಲ್ಟೇಜ್ ಅಲ್ವಾ, ನೀನಾ ಅದು?"

"ಆಂಜನಪ್ಪ ಈಗೇನ್ ಮಾಡ್ತಿದಾನೆ?"

"ಹೆಂಗೂ ಕರೆಂಟಿಲ್ವಲ್ಲ ಅಂತ ಮೈನ್ ವೈರೂ ಬಿಚ್ಚಿ ಕ್ಲೀನ್ ಮಾಡ್ತೀನಿ ಅಂತ ಕೂತವ್ನೆ..."

"ರೀ, ಕರೆಂಟ್ ಹೋಗಿಲ್ಲ! ನಾನು ತೆಗ್ಸಿರೋದು. ಈಗ ಬಂದ್ಬಿಡುತ್ತೆ. ಓಡಿ!"

ಅವನ ಕಡೆಯಿಂದ ಲೋಟ ಬಿದ್ದ ಸದ್ದು ಬಂತು. ಸಂಧ್ಯಾ ಕರೆ ಕತ್ತರಿಸಿ ಚನ್ನವೀರಯ್ಯನ ನಂಬರ್ ಒತ್ತಿದಳು. ಬಿಜಿ. ಮತ್ತೆ ಬಿಜಿ. ಒಂದು ಸಾವನ್ನು ತಪ್ಪಿಸಲು ಹೋಗಿ ತನ್ನ ಕೈಯಾರೆ ಇನ್ನೊಂದಕ್ಕೆ ಹೊತ್ತು ಗೊತ್ತು ಮಾಡಿಟ್ಟಿದ್ದಳು. ಮತ್ತೆ ಒತ್ತಿದಳು.

"ಹೇಳಿ ಮೇಡಮ್. ಕೊಡೋಕೆ ಹೊರಟಿದ್ದೆ, ಪಕ್ಕದೂರೋರು ಬೈತಾವ್ರೆ."

"ಕೊಡ್ಬೇಡಿ! ಮೈನಿಗೆ ಕೈ ಹಾಕಿದಾರೆ."

"ಅಯ್ಯೋ ಶಿವ್ನೆ." ಅವನು ಉಸಿರು ಬಿಟ್ಟ. "ಸರಿ, ಯಾರೂ ಮುಟ್ಕೊಂಡಿಲ್ಲ ಅಂತ ನೀವೇ ಹೇಳ್ಬೇಕು. ನೀವ್ ಹೇಳ್ದೆ ನಾನ್ ಕೊಡಲ್ಲ."

ಬಸ್ಸು ಕುಣಿಗಲ್ ಸ್ಟ್ಯಾಂಡಿಗೆ ಬಂದು ನಿಂತಿತು. ಎಲ್ಲರೂ ಇಳಿದರು. ಪ್ರಾಕ್ಟಿಕಲ್ ಪರೀಕ್ಷೆ ನಡೆಸಿಕೊಡಲು ಅವಳಿಗಾಗಿ ಕಾಯುತ್ತಿದ್ದ ಕುಣಿಗಲ್ ಕಾಲೇಜಿನವರ ಕರೆ ಒಂದು ಬಂದು ಹೋಯಿತು. ಅವಳು ಕಂಬಕ್ಕೆ ಒರಗಿ ನಿಂತಳು.

ಮೋಹನ್ ಕರೆ ಮಾಡಿದಾಗ ಅವನಿಗೆ ಮಾತಿಗಿಂತ ಏದುಸಿರೇ ಹೆಚ್ಚಿತ್ತು. "ಎಬ್ಬಿಸ್ದೆ. ಇಲ್ಲೇ ಅವ್ನೆ." ಹಿಂದಿನಿಂದ ಆಂಜನಪ್ಪ ಕೂಗಿದ: "ಅಕ್ಕಾ, ನಿಮ್ ಹೊಸ ಫೋನ್‌ಗೆ ನನ್ ಮೇಲೆ ಏನ್ ಸಿಟ್ಟು?"

ಅವಳಿಗೆ ನಗು ಬರಲಿಲ್ಲ. "ಫ್ಯೂಸ್ ಕೀಳಿ. ಮೂರೂ."

"ಕಿತ್ತಾಯ್ತು ಕಣೇ."

"ಕೈಯಲ್ಲಿ ಇದಾವಾ?"

"ಇದಾವೆ ಅಂದ್ನಲ್ಲ."

"ಒಂದಕ್ಕೊಂದು ಬಡೀರಿ. ನಂಗೆ ಕೇಳಿಸ್ಬೇಕು."

ಅವನು ಬಡಿದ. ಪಿಂಗಾಣಿ ಫ್ಯೂಸುಗಳ ಸದ್ದು ಸ್ಪಷ್ಟವಾಗಿ ಕೇಳಿತು. ಅವಳು ಇನ್ನೊಮ್ಮೆ ಬಡಿಯಲು ಹೇಳಿದಳು. ಕೇಳಿಸಿಕೊಂಡ ಮೇಲೆ ಚನ್ನವೀರಯ್ಯನಿಗೆ ಕರೆ ಮಾಡಿದಳು.