ಬಾಣಂತಿಗೆಂದು ಎತ್ತಿಟ್ಟ ಮೀನು

ಬಸ್ಸಿನಲ್ಲಿ ಜನ ನಿಂತಿದ್ದಾರೆ, ಆದರೂ ಪಕ್ಕದ ಸೀಟು ಖಾಲಿ, ಒಬ್ಬಳು ಕೂತವಳು ಮೂಗಿಗೆ ಸೆರಗು ಒತ್ತಿಕೊಂಡು ಎದ್ದು ಹೋದಳು, ಹೋಗಲಿ, ಘಮಘಮ ಬೇಕಾದವರು ಮಲ್ಲಿಗೆ ಮಾರುವವಳ ಪಕ್ಕ ಕೂರಲಿ, ಬೀರಕ್ಕನಿಗೆ ಈಗ ಜಗಳವಾಡುವುದಕ್ಕೂ ಬೇಸರ — ಬುಟ್ಟಿ ಪೈನ ಪೆಟ್ಟಕ್ಕಾ, ಕಂಡಕ್ಟರು ಮೇಲಕ್ಕೆ ಕೈ ತೋರಿಸಿದ, ಮೇಲಿಡಾಕೆ ಏನೈತೆ ಕಣಪ್ಪ, ಬರೀ ಬುಟ್ಟಿ, ಹೌದು, ಬರೀ ಬುಟ್ಟಿ, ಮೂವತ್ತು ವರ್ಷ ಒಣಮೀನು ಹೊತ್ತದ್ದು, ಮೀನು ಹೋದರೂ ವಾಸನೆ ಹೋಗುವುದಿಲ್ಲ, ಹಿಂದೂಪುರದಿಂದ ಕಲ್ಯಾಣದುರ್ಗದವರೆಗೂ ಜೊತೆಗೇ ಬರುತ್ತದೆ, ಖಾಲಿ ಬುಟ್ಟಿ ಯಾಕೆ ತಂದಳೋ, ಕೈ ಬೀಸಿಕೊಂಡು ಮಗಳ ಮುಂದೆ ನಿಲ್ಲಲು ನಾಚಿಕೆ, ಅದಕ್ಕೇ. ಕೀರ್ತನಾ ಹೆತ್ತು ಮೂರು ದಿನ, ದಿನ ತುಂಬಲು ಇನ್ನೂ ಇಪ್ಪತ್ತು ಬಾಕಿಯಿರುವಾಗಲೇ, ಬೆಳಿಗ್ಗೆ ಆಸ್ಪತ್ರೆಯಿಂದ ಫೋನು, ಅಮ್ಮಾ ಹಾಲೇ ಬರ್ತಿಲ್ಲ ಕಣಮ್ಮ, ಪಾಲಸೊರ ತತ್ತೀಯ ಅಲ್ವಾ, ಬತ್ತೀನಿ ಕಣವ್ವ ಅಂದಳು ಬೀರಕ್ಕ, ತತ್ತೀನಿ ಅನ್ನಲಿಲ್ಲ.

ಪಾಲಸೊರ, ಗೇಣುದ್ದದ ಸಣ್ಣ ಸೊರಮೀನು, ಒಣಗಿದ್ದನ್ನು ಬೆಳ್ಳುಳ್ಳಿ ಮೆಣಸು ಹಾಕಿ ಬೇಯಿಸಿ ಕೊಟ್ಟರೆ ಬಾಣಂತಿಯ ಎದೆ ತುಂಬುತ್ತದೆ, ಗೋರಂಟ್ಲ ರೊದ್ದಂ ಕಡೆ ಎಷ್ಟು ಮಕ್ಕಳು ಈ ಬುಟ್ಟಿಯ ಹಾಲು ಕುಡಿದಿಲ್ಲ, ಈಗ ಅವೇ ಬೈಕಿನಲ್ಲಿ ಬಂದು ಜರುಗಕ್ಕಾ ಎಂದು ಹಾರನ್ ಹೊಡೆಯುತ್ತವೆ — ಅತ್ತೆ ಬುಟ್ಟಿ ತಲೆಗೆ ಹೊರಿಸಿದ ದಿನವೇ ಹೇಳಿದ್ದಳು, ಬಾಣಂತಿಗೆ ಅಂತ ಕೇಳ್ದೋರ್ಗೆ ಇಟ್ಕೊಂಡು ಇಲ್ಲ ಅನ್ಬ್ಯಾಡ ಕಣಮ್ಮ, ಅಂದ್ರೆ ನಿನ್ ಮನೆ ತೊಟ್ಲೇ ಒಣಗ್ತೈತೆ. ಬೀರಕ್ಕ ಯಾವತ್ತೂ ಅಂದವಳಲ್ಲ. ಈ ವರ್ಷ ಮೀನೇ ಇಲ್ಲ, ನೆಲ್ಲೂರು ಕಡೆಯಿಂದ ಮೂಟೆ ತರುವ ಈಶ್ವರ್ ಮೊನ್ನೆಯೂ ಬರಿಗೈಲಿ ಬಂದ, ಲೇದಕ್ಕಾ, ಸಮುದ್ರದ ನೀರೇ ಬಿಸಿಯಾಗ್ಬುಟ್ಟೈತೆ, ಮೀನೆಲ್ಲ ತಂಪು ಹುಡುಕ್ಕೊಂಡು ಆಳಕ್ಕೆ ಹೋಗ್ಬುಟ್ಟವೆ, ಬಲೆಗೆ ಸಿಗಾಕಿಲ್ಲ, ಸಮುದ್ರ ಕಾಯುವುದುಂಟೇ, ಅಷ್ಟು ದೊಡ್ಡ ಹಂಡೆಗೆ ಯಾರಪ್ಪ ಒಲೆ ಹಚ್ಚಿದರು, ಅವಳು ಸಮುದ್ರವನ್ನೇ ನೋಡಿದವಳಲ್ಲ, ಈಶ್ವರ್ ಫೋನಿನಲ್ಲಿ ತೋರಿಸಿದ್ದಷ್ಟೇ, ಕಡಿಮೆ ನೀರಿನಲ್ಲಿ ಸಣ್ಣ ಸಣ್ಣ ಮೀನುಗಳು, ಬಾಯಿ ತೆರೆಯುತ್ತವೆ, ಮುಚ್ಚುತ್ತವೆ, ಕಾದ ನೀರಲ್ಲಿ ಉಸಿರು ಸಿಗಾಕಿಲ್ಲ ಕಣಕ್ಕ, ನೋಡು, ತೆರೆಯುತ್ತವೆ, ಮುಚ್ಚುತ್ತವೆ, ಸಾಕು ಎತ್ತಪ್ಪ ಅದನ್ನ ಅಂದಿದ್ದಳು.

ರೊದ್ದಂ ದಾಟಿತು, ಬಿಸಿಲು ಈ ಕಡೆಯ ಕಿಟಕಿಗೇ ಬಂತು, ಹೋದ ವಾರ ಇಂಥದೇ ಬಿಸಿಲು, ಗೋರಂಟ್ಲ ಸಂತೆ, ಉಳಿದಿದ್ದ ಎರಡೇ ಎರಡು ಪಾಲಸೊರವನ್ನು ಕೀರ್ತನಾಗೆಂದು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿಟ್ಟಿದ್ದಳು, ಮನೆಯಲ್ಲಿ ಬೆಕ್ಕಿನ ಕಾಟವೆಂದು, ಅಲ್ಲೇ ತಪ್ಪಿದ್ದು, ಮನೆಯಲ್ಲಿಟ್ಟಿದ್ದರೆ ಇಲ್ಲ ಎನ್ನಬಹುದಿತ್ತು, ಗಂಗಾದೇವಿ ಎಂಬ ಮುದುಕಿ ಬಂದು ಸೆರಗೊಡ್ಡಿ ನಿಂತಳು, ಸೊಸೆಗೆ ಹಾಲಿಲ್ಲ ತಾಯಿ, ಅವಳಿ ಮಕ್ಕಳು, ಬುಟ್ಟಿ ಇಬ್ಬರ ನಡುವೆ ಇದೆ, ಬರಿದಾದ ತಳದಲ್ಲಿ ಬಟ್ಟೆಗಂಟು ಕಾಣುತ್ತಿದೆ, ಕೀರ್ತನಾ ಹೆರಿಗೆಗೆ ಇನ್ನೂ ಮೂರು ವಾರದ ಮೇಲೇ ಇದೆಯಲ್ಲ, ಅಷ್ಟರಲ್ಲಿ ಈಶ್ವರ್ ತಂದೇ ತರುತ್ತಾನೆ, ಗಂಟು ಬಿಚ್ಚಿ ಸೆರಗಿಗೆ ಹಾಕಿದಳು, ತೊಟ್ಟಿಲು ಒಣಗಬಾರದೆಂದೇ ಹಾಕಿದಳು, ಅತ್ತೆ, ನೀನು ಹೇಳಿದ ಹಾಗೇ ಮಾಡಿದೆನಲ್ಲ, ದೀಪದ ಬುಡದಲ್ಲೇ ಕತ್ತಲೆ ಎಂದು ಊರು ನಗಲಿ, ಆದರೆ ನೀನು ಹೇಳು, ನಾನು ಎಲ್ಲಿ ತಪ್ಪಿದೆ — ಇಳೀರಿ ಇಳೀರಿ, ಕಲ್ಯಾಣದುರ್ಗ, ಕಾಲು ಜೋಮು ಹಿಡಿದಿದೆ, ಆಸ್ಪತ್ರೆಯ ಮೆಟ್ಟಿಲು ಇಷ್ಟೊಂದು ಯಾಕೋ, ಬಾಗಿಲಲ್ಲಿ ನರ್ಸಮ್ಮ ಬುಟ್ಟಿ ಮೂಸಿ ನಕ್ಕಳು, ಹಾಲು ಮೀನಿಂದ ಬರಲ್ಲಮ್ಮ, ಮಗು ಚೀಪ್ತಾ ಚೀಪ್ತಾ ಬರುತ್ತೆ, ಇದೇ ಮಾತು ಮೂವತ್ತು ವರ್ಷ ಮೊದಲೇ ಯಾರಾದರೂ ಹೇಳಬಾರದಿತ್ತೇ, ನಿಜವೋ ಸುಳ್ಳೋ, ಯೋಚಿಸಲು ತ್ರಾಣವಿಲ್ಲ. ಕೀರ್ತನಾ ಅವಳ ಮುಖ ನೋಡಲಿಲ್ಲ, ಬುಟ್ಟಿ ನೋಡಿದಳು, ವಾಸನೆ ಬಂತೇನೋ, ಕಣ್ಣು ಅರಳಿತು, ತಂದ್ಯಾ ಅಮ್ಮಾ, ಬೀರಕ್ಕ ಬುಟ್ಟಿಯನ್ನು ಕೆಳಗಿಡಲಿಲ್ಲ, ಮಗಳ ಮೊಣಕೈ ಮೇಲೆ ಇಷ್ಟೇ ಇಷ್ಟು ಮುಖ, ಅಳುವುದಕ್ಕೂ ಬಲವಿಲ್ಲ, ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು