ಮೊಣಕೈಗೆ ಹಾಕಿದ ಹೆಲ್ಮೆಟ್

ಗೂಳೂರಿನ ರೇಣುಕಾಪ್ರಸಾದ್ ಕರೆಂಟ್ ಸ್ಕೂಟರ್ ಕೊಂಡಾಗ ಹೆಲ್ಮೆಟ್ಟನ್ನೂ ಕೊಂಡಿದ್ದ. ಆದರೆ ಅದು ಅವನ ತಲೆ ಕಂಡದ್ದು ಕಡಿಮೆ. ಮನೆಯಿಂದ ಹೊರಡುವಾಗ ಎಡ ಮೊಣಕೈಗೆ ತೂಗುಹಾಕಿಕೊಳ್ಳುತ್ತಿದ್ದ. ತುಮಕೂರಿನಲ್ಲಿ ಪೊಲೀಸರು ನಿಲ್ಲುವ ಸರ್ಕಲ್ ಹತ್ತಿರವಾದಾಗ ತಲೆಗೆ, ದಾಟಿದ ಮೇಲೆ ಮತ್ತೆ ಮೊಣಕೈಗೆ. ಹೆಲ್ಮೆಟ್ ಇರುವುದು ಪೊಲೀಸರಿಗಾಗಿ ಎಂದು ಇಂಥವರಿಗೆ ಯಾರು ಹೇಳಿಕೊಟ್ಟರೋ ಕಾಣೆ.

ಪಕ್ಕದ ಮನೆಯ ಶಶಿಕಲಾ ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅದು ತಲೆಗೆ ಹಾಕುವ ವಸ್ತು ಎಂದು ಕಂಡಾಗಲೆಲ್ಲ ಹೇಳುತ್ತಿದ್ದಳು.

"ಸೌಂಡೇ ಇಲ್ದಿರೋ ಗಾಡಿ ಕಣವ್ವ, ಮೆತ್ತಗೆ ಹೋಯ್ತದೆ. ಊರೊಳಗೇನಾಯ್ತದೆ, ಬುಡು," ಎಂದು ಅವನು ನಗುತ್ತಿದ್ದ. ಹೆಂಡತಿ ಬಸವಲಿಂಗಮ್ಮನೂ ನಗುತ್ತಿದ್ದಳು. ಹಿಂದೆ ಕೂತು ಹೋಗುವಾಗ ಅವಳ ತಲೆಯಲ್ಲೂ ಮಲ್ಲಿಗೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಆ ಸೌಂಡಿಲ್ಲದ್ದೇ ಮುಳುವಾಯಿತು. ಒಂದು ಬೆಳಿಗ್ಗೆ ಊರು ದಾಟುವ ಮೊದಲೇ, ಗಾಡಿ ಬಂದದ್ದು ಕೇಳಿಸದೆ ಎಮ್ಮೆಯೊಂದು ಅಡ್ಡ ಬಂತು. ಪ್ರಸಾದ್ ಬ್ರೇಕ್ ಹಿಡಿದು ಉರುಳಿಬಿದ್ದ. ವೇಗವೇನೂ ಇರಲಿಲ್ಲ. ಆದರೆ ತಲೆ ಚರಂಡಿಯ ಕಲ್ಲಿಗೆ ಬಡಿಯಿತು. ಆಸ್ಪತ್ರೆಯಲ್ಲಿ ನೋಡಿದರೆ ಎಡ ಮೊಣಕೈಗೆ ಒಂದು ಗೀರೂ ಇಲ್ಲ. ಹೆಲ್ಮೆಟ್ ಅದನ್ನು ಚೆನ್ನಾಗಿ ಕಾಪಾಡಿತ್ತು.

ತಲೆಗೆ ಆಪರೇಷನ್ ಆಗಿ ಜೀವವೊಂದು ಉಳಿಯಿತು. ಮನೆಗೆ ಕರೆತಂದ ದಿನ ಬಸವಲಿಂಗಮ್ಮ ಗಂಜಿ ತಂದು ಪಕ್ಕದಲ್ಲಿ ಕೂತಳು. ಮದುವೆಯಾದಾಗಿನಿಂದ "ಏನ್ಲೇ ಬಸವಿ" ಎಂದೇ ಕರೆದ ಗಂಡ, ಅವಳ ಮುಖ ನೋಡಿ ಹೊರಗಿನವರಿಗೆ ಕೊಡುವ ಮರ್ಯಾದೆಯಲ್ಲಿ ಕೇಳಿದ: "ನೀವ್ ಯಾರಮ್ಮ? ಯಾರ ಮನೆಯವ್ರು?"

ಅವಳು ಗಂಜಿಯ ಬಟ್ಟಲು ಕೆಳಗಿಟ್ಟಳು. ಬೈದರೂ ಸರಿ, ಒಂದು ಸಲ "ಲೇ" ಅನ್ನಲಿ ಎಂದು ಇಂದಿಗೂ ಕಾಯುತ್ತಿದ್ದಾಳೆ.

ಈಗ ಅದೇ ಸ್ಕೂಟರಿನಲ್ಲಿ ಮಗಳು ನಂದಿತಾ ತುಮಕೂರಿಗೆ ಕೆಲಸಕ್ಕೆ ಹೋಗಬೇಕು. ಗಾಡಿ ಮಾರಿಬಿಡೋಣ ಎಂದು ಬಸವಲಿಂಗಮ್ಮ ಹಠ ಹಿಡಿದಳು. ತಪ್ಪು ಗಾಡಿಯದಲ್ಲ ಎಂದು ಶಶಿಕಲಾ ಕೂರಿಸಿಕೊಂಡು ಹೇಳಿದಳು. ಕರೆಂಟಿನದಾಗಲಿ ಪೆಟ್ರೋಲಿನದಾಗಲಿ, ನಂಬರ್ ಪ್ಲೇಟ್ ಇರುವ ಗಾಡಿ ಓಡಿಸುವವರಿಗೂ ಹಿಂದೆ ಕೂರುವವರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಕಡ್ಡಾಯ. ಗದ್ದದ ಕೆಳಗಿನ ಪಟ್ಟಿ ಬಿಗಿಯದಿದ್ದರೆ ಬೀಳುವಾಗ ಮೊದಲು ಹಾರುವುದು ಹೆಲ್ಮೆಟ್ಟೇ. ಒಮ್ಮೆ ಪೆಟ್ಟು ತಿಂದದ್ದನ್ನು ಮತ್ತೆ ಹಾಕಬಾರದು.

"ನಂಬರ್ ಇಲ್ದಿರೋ ಸಣ್ಣ ಕರೆಂಟ್ ಗಾಡಿಗಳ್ನ ಪೊಲೀಸ್ನೋರು ಬುಟ್ಟಾರು," ಎಂದಳು. "ಕಲ್ಲಿಗೆ ಅದೆಲ್ಲ ಗೊತ್ತಾಗಲ್ಲ ಕಣಕ್ಕ."

ಹೊಸ ಹೆಲ್ಮೆಟ್ ಎರಡು ಬಂದವು, ಮಗಳಿಗೊಂದು, ಹಿಂದೆ ಕೂರುವ ತಾಯಿಗೊಂದು. ಮರುದಿನ ಹೊಸ್ತಿಲಲ್ಲೇ ಬಸವಲಿಂಗಮ್ಮ ಮಗಳ ಪಟ್ಟಿ ಬಿಗಿದಳು. ಜಗುಲಿಯಿಂದ ನೋಡುತ್ತಿದ್ದ ಪ್ರಸಾದ್ ಮೆಲ್ಲಗೆ ಹೇಳಿದ: "ಯಾರ ಮಗಳಮ್ಮ ಅದು? ಹುಷಾರಾಗಿ ಹೋಗ್ಬರ್ಲಿ."

ನಂದಿತಾ ಹೆಲ್ಮೆಟ್ಟಿನೊಳಗೇ ಅತ್ತಳು.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಹೆಲ್ಮೆಟ್ ಈಗ ಎಲ್ಲಿದೆ? ಮೊಣಕೈಯಲ್ಲೋ, ಗಾಡಿಯ ಕನ್ನಡಿಯಲ್ಲೋ? ಸರ್ಕಲ್ ಬರುವವರೆಗೆ ಕಾಯಬೇಡಿ. ಮನೆ ಬಾಗಿಲಲ್ಲೇ ತಲೆಗೆ ಹಾಕಿ, ಪಟ್ಟಿ ಬಿಗಿಯಿರಿ. ಸಂಜೆ ಬಂದಾಗ ನಿಮ್ಮವರನ್ನು ಹೆಸರು ಹಿಡಿದು ಕರೆಯಿರಿ.